ಧೂಳಿನ ಜಾಡಿ

ನಮ್ಮೂರಿನವರ ಮೇಲೆ ನನಗಿರುವ ಮೊದಲ ತಕರಾರು ಇದು: ಪಾಯಿಖಾನೆಯಲ್ಲಿ ಗುಂಡಿ ಒತ್ತಿ ನೀರು ಬಿಟ್ಟ ಕೂಡಲೇ ಒಳಗಿದ್ದದ್ದು ಬೇರೆ ಲೋಕಕ್ಕೆ ಹೋಯಿತು ಎಂದು ಇವರು ನಂಬಿಕೊಂಡುಬಿಟ್ಟಿದ್ದಾರೆ. ಎಲ್ಲಿಗೂ ಹೋಗುವುದಿಲ್ಲ. ನನ್ನ ಹತ್ತಿರ ಬರುತ್ತದೆ. ಊರಿನ ಕೊಳಚೆ ನೀರು ಶುದ್ಧಿ ಮಾಡುವ ಘಟಕದಲ್ಲಿ ಕೆಸರಿನ ವಿಭಾಗ ನೋಡಿಕೊಳ್ಳುವವಳು ನಾನು. ನೀರನ್ನು ತಿಳಿಯಾಗಿಸಿ ಹೊಳೆಗೆ ಬಿಟ್ಟ ಮೇಲೆ ತಳದಲ್ಲಿ ಉಳಿಯುವ ಕೆಸರನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ, ಹಿಂಡಿ, ಒಣಗಿಸಿ, ಕಪ್ಪು ಮಣ್ಣಿನಂಥ ಗೊಬ್ಬರ ಮಾಡಿಸುವುದು ನನ್ನ ಕೆಲಸ. ಏನು ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆಮೇಲೆ ಅವರು ನಾನು ಕೊಟ್ಟ ನೀರಿನ ಲೋಟವನ್ನು ಎರಡೇ ಬೆರಳಲ್ಲಿ ಹಿಡಿದುಕೊಳ್ಳುತ್ತಾರೆ.

ಆದರೆ ಇಡೀ ಊರನ್ನು ಒಂದು ಕಡೆ, ನಮ್ಮಕ್ಕನನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ, ತಲೆನೋವಿನ ವಿಷಯದಲ್ಲಿ ಅಕ್ಕನದೇ ಕೈ ಮೇಲು.

"ನಿಲ್ಲು ಅಲ್ಲೇ!" ಎನ್ನುತ್ತಾಳೆ, ಸಂಜೆ ನಾನು ಗೇಟು ತೆಗೆಯುವಷ್ಟರಲ್ಲೇ. "ಶೂ ಹೊರಗೆ ಬಿಡು. ಕೋಟು ಬಕೆಟ್‌ಗೆ ಹಾಕು. ಆ ಬಕೆಟ್ ಅಲ್ಲ, ನಿನ್ನ ಬಕೆಟ್."

"ಅಕ್ಕ, ಇವತ್ತೆಲ್ಲ ಆಫೀಸಲ್ಲೇ ಕೂತಿದ್ದೆ ಕಣೇ. ಕೆಸರಿನ ಹತ್ತಿರ ಕೂಡ ಹೋಗಿಲ್ಲ."

"ಕೆಸರೇ ನಿನ್ನ ಹತ್ತಿರ ಬಂದಿರುತ್ತೆ."

ಅಕ್ಕನದು ಲಾಂಡ್ರಿ. ಆಸ್ಪತ್ರೆ ಮತ್ತು ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಚೀಲ, ಟವೆಲ್ಲು ಒಗೆದು ಇಸ್ತ್ರಿ ಮಾಡಿಕೊಡುತ್ತಾಳೆ. ಅಮ್ಮ ತೀರಿಕೊಂಡಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅಮ್ಮನ ಲಾಂಡ್ರಿ ಅಕ್ಕನ ಪಾಲಿಗೆ ಬಂತು, ಜೊತೆಗೆ ನಾನೂ ಬಂದೆ. ಕಂಡವರ ಹಾಸಿಗೆ ಬಟ್ಟೆ ಒಗೆದು ನನ್ನನ್ನು ಕಾಲೇಜು ಮುಗಿಸುವವರೆಗೆ ಓದಿಸಿದಳು. ಅದನ್ನು ಒಂದು ದಿನವಾದರೂ ಎತ್ತಿ ಆಡಿದ್ದರೆ ನಾನೂ ತಿರುಗಿ ಜಗಳವಾಡಬಹುದಿತ್ತು. ಆಡಿಲ್ಲ. ಹಾಗಾಗಿ ನನ್ನ ಬಕೆಟ್‌ಗೇ ಕೋಟು ಹಾಕಿ ಒಳಗೆ ಹೋಗುತ್ತೇನೆ.

ಒಳಗೆ ಎಂದರೆ ಬಟ್ಟೆಗಳ ನಡುವೆ. ನಮ್ಮ ಮನೆಯಲ್ಲಿ ಬಟ್ಟೆ ಒಣಗುವುದು ಅಂಗಳದಲ್ಲಲ್ಲ. ಅಂಗಳಕ್ಕೆ ಅಡ್ಡಲಾಗಿ ಕಟ್ಟಿದ ಅಮ್ಮನ ಕಾಲದ ದಪ್ಪ ಹಗ್ಗ ಈಗಲೂ ಇದೆ, ಅದರ ಮೇಲೆ ಕಾಗೆ ಕೂರುತ್ತದೆ, ಅಷ್ಟೆ. ಒಂದು ಹನಿ ನೀರಿರುವ ಬಟ್ಟೆಯನ್ನು ಹೊರಗೆ ಹಾಕಿದರೂ ಅರ್ಧ ಗಂಟೆಯಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ, ನಡುಮನೆಯಲ್ಲಿ, ನನ್ನ ಮಂಚದ ಮೇಲೆ ಕೂಡ ಹಗ್ಗ ಕಟ್ಟಿ, ಕಿಟಕಿಯ ಸಂದುಗಳಿಗೆಲ್ಲ ಹರುಕು ಬಟ್ಟೆ ತುರುಕಿ, ಒಳಗೇ ಒಣಗಿಸುತ್ತಾಳೆ. ಅಡುಗೆಮನೆಗೆ ಹೋಗಬೇಕಾದರೆ ಒದ್ದೆ ಶೀಟುಗಳನ್ನು ಕೈಯಿಂದ ಸರಿಸುತ್ತಾ ಹೋಗಬೇಕು. ಊಟದ ತಟ್ಟೆಯ ಮೇಲೆ ಯಾವುದೋ ಲಾಡ್ಜಿನ ಟವೆಲ್ಲು ತೊಟ್ಟಿಕ್ಕುತ್ತಿರುತ್ತದೆ.

ಇದಕ್ಕೆಲ್ಲ ಕಾರಣ ಗುಡ್ಡ. ಗುಡ್ಡ ಎಂದು ಕರೆಯುತ್ತೇವೆ, ಆದರೆ ಅದು ದೇವರು ಮಾಡಿದ್ದಲ್ಲ. ನಮ್ಮ ಬೀದಿಯ ಹಿಂದೆ ಸೀಸ ಮತ್ತು ಸತುವಿನ ಗಣಿಯೊಂದಿತ್ತು. ಬೇಕಾದ ಲೋಹ ತೆಗೆದುಕೊಂಡು, ಬೇಡವಾದ ಪುಡಿಯನ್ನು ರಾಶಿ ಹಾಕುತ್ತಾ ಹೋದರು. ಆಮೇಲೆ ಒಂದು ದಿನ ಗಣಿಗೆ ಬೀಗ ಹಾಕಿ ಹೊರಟುಹೋದರು. ರಾಶಿ ಉಳಿಯಿತು. ಅದರ ಮೇಲೆ ಒಂದು ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ, ಏಕೆಂದರೆ ಅದು ಮಣ್ಣೇ ಅಲ್ಲ, ಆಮ್ಲ ತುಂಬಿ ಹುಳಿಯಾದ ಕಲ್ಲಿನ ಪುಡಿ. ಗಾಳಿಗಾಲ ಬಂತೆಂದರೆ ಗುಡ್ಡವೇ ಎದ್ದು ನಮ್ಮ ಬೀದಿಗೆ ಬರುತ್ತದೆ. ಸೀಸ ಬೆರೆತ ಧೂಳು. ಬಟ್ಟೆಯ ಮೇಲೂ ಕೂರುತ್ತದೆ, ಮಕ್ಕಳ ಶ್ವಾಸಕೋಶದಲ್ಲೂ ಕೂರುತ್ತದೆ.

ನಗರಸಭೆಯವರು ಬಹಳ ವರ್ಷ ಕಣ್ಣುಮುಚ್ಚಿ ಕೂತಿದ್ದು, ಕೊನೆಗೆ ಕಣ್ಣು ಬಿಟ್ಟಾಗ ಹೊಳೆದ ಉಪಾಯವೆಂದರೆ ಬೀದಿಯನ್ನೇ ಎತ್ತಿಬಿಡುವುದು. ಗುಡ್ಡ ಎತ್ತಲಾರರು, ಆದ್ದರಿಂದ ನಮ್ಮನ್ನು ಎತ್ತುತ್ತಾರೆ. ಊರಾಚೆ ಕಟ್ಟಿರುವ ಮಹಡಿ ಮನೆಗಳಲ್ಲಿ ಒಬ್ಬೊಬ್ಬರಿಗೆ ಎರಡೆರಡು ಕೋಣೆ. ಅಲ್ಲಿ ನೀರು ಕಾಯಿಸುವ ಬಾಯ್ಲರ್ ಇಡಲು ಜಾಗವಿಲ್ಲ, ಒಗೆಯುವ ಕಲ್ಲಿಗೆ ಜಾಗವಿಲ್ಲ. ಅಂದರೆ ಅಕ್ಕನ ಲಾಂಡ್ರಿಗೆ ಅಲ್ಲಿಗೆ ಮುಕ್ತಾಯ. ನಾನು ಹಗಲೂ ಇರುಳೂ ಬರೆದು, ಕಂಡವರ ಕಾಲು ಹಿಡಿದು, ಒಂದು ಅವಕಾಶ ಗಿಟ್ಟಿಸಿಕೊಂಡೆ. ನಮ್ಮ ಘಟಕದ ಗೊಬ್ಬರಕ್ಕೆ ಸುಣ್ಣ ಬೆರೆಸಿ ಗುಡ್ಡದ ನಮ್ಮ ಕಡೆಯ ಇಳಿಜಾರಿಗೆ ಹರಡಿ ಹುಲ್ಲು ಬೆಳೆಸುವುದು. ಮುಂದಿನ ಗಾಳಿಗಾಲದಲ್ಲಿ ತಪಾಸಣೆ. ಹುಲ್ಲು ಹಿಡಿದಿರಬೇಕು, ಇಲ್ಲವೇ ಧೂಳಾದರೂ ಕಡಿಮೆಯಾಗಿರಬೇಕು. ಎರಡೂ ಆಗದಿದ್ದರೆ ಬೀದಿ ಖಾಲಿ.

ಇಷ್ಟನ್ನು ನಾನು ಅಕ್ಕನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಇಸ್ತ್ರಿ ಮಾಡುತ್ತಾ ಕೇಳಿಸಿಕೊಂಡಳು.

"ಅಂದರೆ, ಊರಿನವರ ಹೊಲಸನ್ನೆಲ್ಲ ತಂದು ನನ್ನ ತಲೆ ಮೇಲೆ ಸುರೀತೀಯ."

"ಹೊಲಸಲ್ಲ ಅಕ್ಕ, ಶುದ್ಧಿ ಮಾಡಿರೋದು."

"ಶುದ್ಧಿ ಮಾಡಿದ ಹೊಲಸು."

ಅದೇ ವಾರ ಅವಳೇ ಮುಂದೆ ನಿಂತು ಬೀದಿಯವರನ್ನೆಲ್ಲ ಕೂಡಿಸಿ ನನ್ನ ಯೋಜನೆಯ ವಿರುದ್ಧ ನಗರಸಭೆಗೆ ಮನವಿ ಕೊಟ್ಟು ಬಂದಳು. ನನ್ನದೇ ಪೆನ್ನು ತೆಗೆದುಕೊಂಡು ಹೋಗಿದ್ದಳು. ಇವಳ ಲಾಂಡ್ರಿ ಉಳಿಸಲು ನಾನು ಒದ್ದಾಡುತ್ತಿದ್ದರೆ ಇವಳು ನನ್ನ ವಿರುದ್ಧವೇ ಊರನ್ನು ಎತ್ತಿಕಟ್ಟುತ್ತಾಳಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

ನಮ್ಮ ಸಾಹೇಬರಿಗೆ ಮನವಿಯ ಪ್ರತಿ ಬಂತು. ಅವರನ್ನು ಘಟಕದಲ್ಲಿ ಎಲ್ಲರೂ ಕರೆಯುವುದು ನೋಡೋಣ ಸಾಹೇಬರು ಎಂದು. ಬೆಂಕಿ ಬಿದ್ದಿದೆ ಸರ್ ಎಂದರೂ ಅವರು ನೋಡೋಣ ಎನ್ನುತ್ತಾರೆ. ಮನವಿ ಓದಿ, ಮೊದಲ ಹೆಸರು ನನ್ನ ಅಕ್ಕನದು ಎಂದು ಗುರುತಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮನೆಯವರನ್ನೇ ಒಪ್ಪಿಸೋಕೆ ಆಗಲಿಲ್ವೇನಮ್ಮಾ?"

"ನಿಮ್ಮ ಮನೆಯವರು ನೀವು ಹೇಳಿದ್ದು ಒಪ್ತಾರಾ ಸರ್?"

"ನೋಡೋಣ," ಎಂದರು ಅವರು, ಯಾವುದಕ್ಕೆ ಎಂದು ತಿಳಿಯಲಿಲ್ಲ.

ಮಳೆ ಶುರುವಾಗುವ ಮೊದಲು ಟ್ರಾಕ್ಟರುಗಳಲ್ಲಿ ಗೊಬ್ಬರ ಹೊತ್ತು ಇಳಿಜಾರಿಗೆ ಹರಡಿದೆವು. ಅದಕ್ಕೂ ಕೆಲವು ತಿಂಗಳು ಮುಂಚೆಯೇ, ಧೂಳು ಎಷ್ಟು ಬೀಳುತ್ತದೆ ಎಂದು ಅಳೆಯಲು ಮಾಲಿನ್ಯ ಇಲಾಖೆಯವರು ಬಂದು ನಮ್ಮ ಗೇಟಿನ ಪಕ್ಕ ಒಂದು ಕಂಬ ನೆಟ್ಟು ಅದರ ತಲೆಯ ಮೇಲೆ ಅಗಲ ಬಾಯಿಯ ಗಾಜಿನ ಜಾಡಿಯೊಂದನ್ನು ಕೂರಿಸಿ ಹೋಗಿದ್ದರು. ಗುಡ್ಡದ ಧೂಳು ನೇರವಾಗಿ ಬಂದು ಬೀಳುವ ಜಾಗ ಅದು. ತಿಂಗಳಿಗೊಮ್ಮೆ ಇಲಾಖೆಯ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಬಂದು ಜಾಡಿ ಬದಲಿಸಿಕೊಂಡು ಹೋಗುತ್ತಿದ್ದಳು. ಅದರಲ್ಲಿ ಏನು ಬಿತ್ತು, ಎಷ್ಟು ಬಿತ್ತು ಎಂದು ನಮಗೆ ಹೇಳುವಂತಿರಲಿಲ್ಲ. ಅಳೆಯುವವರು ಬೇರೆ, ಕೆಲಸ ಮಾಡುವವರು ಬೇರೆ ಇರಬೇಕು ಎಂಬ ನಿಯಮ. ನಾನೂ ಆ ಕಡೆ ತಲೆ ಹಾಕಲಿಲ್ಲ.

ಗೊಬ್ಬರದ ವಾಸನೆ ಇತ್ತು. ಇರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಮೊದಮೊದಲು ಕಿಟಕಿಗೆ ತುರುಕಿದ ಬಟ್ಟೆಗಳನ್ನೂ ದಾಟಿ ಶೆಡ್ಡಿನೊಳಗೆ ಬಂದು ಒದ್ದೆ ಶೀಟುಗಳಲ್ಲಿ ಕೂತುಬಿಡುತ್ತಿತ್ತು. ಒಂದು ಲಾಡ್ಜಿನವನು ಇಡೀ ಗಂಟನ್ನೇ ವಾಪಸು ಕಳಿಸಿದ. ಅಕ್ಕ ಆ ಗಂಟನ್ನು ತಂದು ನನ್ನ ಮಂಚದ ಮೇಲೆ ಎಸೆದಳು. ಮತ್ತೆ ಅದನ್ನೆಲ್ಲ ಕುದಿಸಿ, ಒಗೆದು, ನೀಲಿ ಹಾಕಿ, ಹಿಂಡಿ, ಒಣಹಾಕಿದಳು. ನಾನು ಕೈ ಹಾಕಲು ಹೋದರೆ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

ಅವಳಿಗೆ ಕೊಳೆ ಕಂಡರೆ ಆಗುವುದಿಲ್ಲ. ಬಟ್ಟೆಯದು ಮಾತ್ರವಲ್ಲ, ಯಾವುದರದಾದರೂ ಸರಿ. ಗೇಟಿನ ಸರಳುಗಳನ್ನು ಒಂದೊಂದಾಗಿ ಉಜ್ಜುತ್ತಾಳೆ. ಮೀಟರ್ ಓದಲು ಬಂದವನು ಗಾಜು ಮಸುಕಾಗಿದೆ ಎಂದದ್ದಕ್ಕೆ ಅವನನ್ನು ನಿಲ್ಲಿಸಿಕೊಂಡೇ ಸೋಪು ಹಾಕಿ ಒರೆಸಿದವಳು. ಹಾಲು ತರುವವನ ಕ್ಯಾನನ್ನು ಕಿತ್ತುಕೊಂಡು ತೊಳೆದು ಕೊಟ್ಟದ್ದೂ ಉಂಟು. ಅವನೀಗ ಪಕ್ಕದ ಬೀದಿಯಿಂದ ಹಾದುಹೋಗುತ್ತಾನೆ.

ಮಳೆ ಬಂತು. ವಾಸನೆ ಹೋಯಿತು. ಇಳಿಜಾರಿನಲ್ಲಿ ಹುಲ್ಲು ಮೂಗು ತೋರಿಸಿತು. ನಾನು ಸ್ವರ್ಗಕ್ಕೆ ಮೂರೇ ಗೇಣು ಎಂಬಂತೆ ಓಡಾಡುತ್ತಿದ್ದೆ. ಆಗ ಬಂದವು ಟೊಮೇಟೊ ಗಿಡಗಳು.

ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಟೊಮೇಟೊ ಬೀಜದಷ್ಟು ಹಟಮಾರಿ ಬೀಜ ಇನ್ನೊಂದಿಲ್ಲ. ಜನರ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ, ಚರಂಡಿಯಲ್ಲಿ ಕೊಳೆಯುವುದಿಲ್ಲ, ನಮ್ಮ ತೊಟ್ಟಿಗಳಲ್ಲಿ ಕೂಡ ಎಷ್ಟೋ ಬೀಜ ಬದುಕಿಬಿಡುತ್ತವೆ. ಒಂದಿಷ್ಟು ಬರುತ್ತವೆ ಎಂದು ನನಗೆ ಅಂದಾಜಿತ್ತು. ಹುಲ್ಲಿಗಿಂತ ಹೆಚ್ಚು ಬರುತ್ತವೆ ಎಂದು ಯಾರಿಗೆ ಗೊತ್ತಿತ್ತು? ಇಳಿಜಾರೆಲ್ಲ ಗಿಡವೋ ಗಿಡ. ಹೂವಾಯಿತು, ಕಾಯಾಯಿತು, ನೋಡುನೋಡುತ್ತಿದ್ದಂತೆ ಕೆಂಪಾಯಿತು. ಸಾಹೇಬರಿಗೆ ಹೇಳಿದೆ, ಕೂಡಲೇ ಬುಡದಲ್ಲಿ ಕತ್ತರಿಸಿಬಿಡಬೇಕು ಸರ್, ಸೀಸವಿರುವ ಜಾಗದಲ್ಲಿ ತಿನ್ನುವಂಥದ್ದು ಏನೂ ಬೆಳೆಯಬಾರದು ಎಂದು ನಿಯಮವಿದೆ, ನಾಲ್ಕು ಜನ ಕೊಡಿ. ಸಾಹೇಬರು ನೋಡೋಣ ಎಂದರು.

ಅವರು ನೋಡುತ್ತಿದ್ದಾಗ ನಮ್ಮ ಬೀದಿಯವರೂ ನೋಡಿದರು. ಹುಟ್ಟಿದಾಗಿನಿಂದ ಬೂದಿ ಬಣ್ಣ ಬಿಟ್ಟು ಬೇರೇನೂ ಕಾಣದ ಗುಡ್ಡದಲ್ಲಿ ಕೆಂಪು ಹಣ್ಣು! ತಂತಿಬೇಲಿಯಲ್ಲಿ ಎಲ್ಲೋ ಒಂದು ಸಂದು ಮಾಡಿಕೊಂಡರು. ಆ ವಾರ ಅಕ್ಕನ ಅಡುಗೆ ಒಂದಕ್ಕಿಂತ ಒಂದು ರುಚಿ. ನಾನು ತಟ್ಟೆ ನೆಕ್ಕಿದೆ.

"ಟೊಮೇಟೊ ಎಲ್ಲಿಂದ ತಂದೆ ಅಕ್ಕ? ಎಷ್ಟು ಚೆನ್ನಾಗಿದೆ!"

"ಎದುರುಮನೆ ಟೈಲರಮ್ಮ ಕೊಟ್ಟಳು," ಎಂದಳು, ಬೇರೆಲ್ಲೋ ನೋಡುತ್ತಾ.

ಮಾರನೇ ದಿನ ಬೆಳಿಗ್ಗೆ ಟೈಲರಮ್ಮ ಸೆರಗಿನ ತುಂಬ ಹಣ್ಣು ಕಟ್ಟಿಕೊಂಡು ಬೇಲಿಯ ಸಂದಿನಿಂದ ಹೊರಬರುವುದನ್ನು ನಾನೇ ಕಣ್ಣಾರೆ ಕಂಡೆ. ಹಿಂದೆ ಇನ್ನೂ ಐದಾರು ಜನ. ವಾಸನೆ ಎಂದು ಮೂಗು ಮುಚ್ಚಿಕೊಂಡು ಮನವಿ ಕೊಟ್ಟವರು ಇವರೇ!

"ಬಿಸಾಕಿ ಅದನ್ನ!" ಎಂದು ಕಿರುಚಿದೆ. "ತಿನ್ನಬಾರದು! ಅದರಲ್ಲಿ ಸೀಸ ಇರಬಹುದು!"

"ಅಧಿಕಾರಿಗಳಿಗೆ ಅಂತ ಎತ್ತಿಡ್ತಿದೀಯೇನಮ್ಮ?" ಎಂದಳು ಟೈಲರಮ್ಮ. "ನಮ್ಮ ಗುಡ್ಡ, ನಮ್ಮ ಹಣ್ಣು. ನೀನು ಬಿತ್ತಿದ್ದು ಒಳ್ಳೇದೇ ಆಯ್ತು ಬಿಡು."

"ನಾನು ಬಿತ್ತಿಲ್ಲ! ನೀವು ಬಿತ್ತಿದ್ದು!"

"ನಾವಾ? ಯಾವಾಗ?"

ತಾಳ್ಮೆ ಎಂಬುದು ನನಗೆ ಮೊದಲೇ ಕಮ್ಮಿ. ಯಾವಾಗ, ಎಲ್ಲಿ, ಯಾವ ದಾರಿಯಿಂದ ಎಂದು ನಡುಬೀದಿಯಲ್ಲಿ ನಿಂತು ಸವಿಸ್ತಾರವಾಗಿ ವಿವರಿಸಿದೆ. ಟೈಲರಮ್ಮನ ಸೆರಗು ಕೈಜಾರಿತು. ಹಣ್ಣುಗಳು ಬೀದಿಯಲ್ಲೆಲ್ಲ ಉರುಳಿದವು. ಯಾರೋ ಚರಂಡಿಯ ಹತ್ತಿರ ಕೂತು ಓಕರಿಸಿದರು. ಅಕ್ಕ ಗೇಟಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುಖ ಅವಳು ಒಗೆದ ಬಟ್ಟೆಯ ಹಾಗೆ ಬೆಳ್ಳಗಾಗಿತ್ತು.

"ನಿನಗೆ ಗೊತ್ತಿತ್ತು," ಎಂದಳು.

"ನೀನು ಅದನ್ನೇ ಅಡುಗೆಗೆ ಹಾಕ್ತಿದೀಯ ಅಂತ ನನಗೇನು ಕನಸು ಬಿತ್ತಾ? ನಾನೂ ತಿಂದಿದೀನಲ್ಲೇ! ಚಪ್ಪರಿಸಿಕೊಂಡು ತಿಂದಿದೀನಿ!"

ಅವತ್ತು ಅವಳು ಮನೆಯ ಪಾತ್ರೆಗಳನ್ನೆಲ್ಲ ಬಾಯ್ಲರಿಗೆ ಹಾಕಿ ಕುದಿಸಿದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿ, ಒದ್ದೆ ಶೀಟುಗಳ ಆಚೆಗೊಬ್ಬಳು ಈಚೆಗೊಬ್ಬಳು, ಊಟ ಮಾಡುತ್ತಿದ್ದೆವು. ಜಗಳ ಆಡುವುದಕ್ಕಿಂತ ಅದು ಎಷ್ಟೋ ಪಾಲು ಕಷ್ಟವಾಗಿತ್ತು. ಬಕೆಟ್‌ಗೆ ಹಾಕು ಎಂದು ಬೈಯುವವರಿಲ್ಲದೆ ಸಂಜೆ ಗೇಟಿನಲ್ಲಿ ಸುಮ್ಮನೆ ಒಂದು ನಿಮಿಷ ನಿಂತುಬಿಡುತ್ತಿದ್ದೆ.

ಜನ ಹಣ್ಣು ತಿಂದ ಸುದ್ದಿ ಹಬ್ಬಿದ ಮೇಲೆ ಸಾಹೇಬರು ಎಂದೂ ಇಲ್ಲದ ಚುರುಕಿನಿಂದ ಎದ್ದರು. ನಾನು ಬೇರೆ ಊರಿಗೆ ಮೀಟಿಂಗಿಗೆ ಹೋಗಿದ್ದ ದಿನವೇ ಒಂದು ಲಾರಿ ಕೂಲಿಯವರನ್ನು ಕಳಿಸಿ, ಒಂದೂ ಬಿಡದ ಹಾಗೆ ಕೀಳಿ ಎಂದು ಅಪ್ಪಣೆ ಕೊಟ್ಟರು. ಬುಡದಲ್ಲಿ ಕತ್ತರಿಸಿ ಎಂದು ನಾನು ಹೇಳಿದ್ದೆ. ಕೀಳಿ ಎಂದು ಅವರು ಹೇಳಿದರು. ಬೇರುಸಹಿತ ಎಳೆದರು. ಟೊಮೇಟೊ ಬೇರಿಗೆ ಸುತ್ತಿಕೊಂಡಿದ್ದ ಎಳೆ ಹುಲ್ಲೂ ಅದರ ಜೊತೆ ಬಂತು. ಮರಳಿ ಬಂದು ನೋಡಿದರೆ ಇಳಿಜಾರಿನ ತುಂಬ ಬೋಳು ಬೋಳು ತೇಪೆಗಳು. ನಾನು ಅಲ್ಲೇ ಗೊಬ್ಬರದ ಮೇಲೆ ಕುಸಿದು ಕೂತೆ. ತಪಾಸಣೆ ಹತ್ತಿರವೇ ಇತ್ತು. ಮಳೆ ಮುಗಿದಿತ್ತು, ಮತ್ತೆ ಬಿತ್ತಿದರೂ ಏಳುವ ಕಾಲವಲ್ಲ. ಅತ್ತುಬಿಟ್ಟೆ. ಸಿಟ್ಟಿಗೆ ಅತ್ತೆನೋ, ಅಕ್ಕನ ಲಾಂಡ್ರಿ ಹೋಯಿತಲ್ಲ ಎಂದು ಅತ್ತೆನೋ, ಎರಡೂ ಇತ್ತು.

"ಸ್ವಚ್ಛವಾಗಿದೆ ಅಲ್ವಾ?" ಎಂದರು ಸಾಹೇಬರು ಫೋನಿನಲ್ಲಿ.

ಇಲಾಖೆಯ ತಪಾಸಣಾ ಅಧಿಕಾರಿ ಬಂದ ದಿನ ಗಾಳಿ ಜೋರಾಗಿಯೇ ಬೀಸುತ್ತಿತ್ತು, ಗುಡ್ಡದ ಕಡೆಯಿಂದ ನೇರ ಬೀದಿಗೆ. ಆಕೆ ನನ್ನ ವಯಸ್ಸಿನವರೇ, ಕಡಿಮೆ ಮಾತಿನವರು. ಇಳಿಜಾರನ್ನೆಲ್ಲ ಹತ್ತಿಳಿದರು. ಕಬ್ಬಿಣದ ಚೌಕಟ್ಟೊಂದನ್ನು ಅಲ್ಲಲ್ಲಿ ನೆಲದ ಮೇಲಿಟ್ಟು ಅದರೊಳಗೆ ಹುಲ್ಲು ಎಷ್ಟಿದೆ ಎಂದು ನೋಡಿದರು. ಸಾಹೇಬರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಅವರ ಹಿಂದೆಯೇ ನಡೆದರು.

"ಹುಲ್ಲು ಸಾಲದು," ಎಂದರು ಆಕೆ, ಕೆಳಗಿಳಿದು ನಮ್ಮ ಗೇಟಿನ ಹತ್ತಿರ ಬಂದಾಗ. "ಧೂಳಿನ ವಿಷಯದಲ್ಲಾದರೂ ಏನಾದರೂ ಹೇಳಬಹುದು ಅಂದುಕೊಂಡರೆ ಅದೂ ಆಗ್ತಿಲ್ಲ."

"ಯಾಕೆ ಮೇಡಂ? ಧೂಳು ಕಡಿಮೆ ಆಗಿದೆ. ಹುಲ್ಲು ಕಿತ್ತುಹೋದರೂ ಗೊಬ್ಬರ ಆ ಪುಡಿನ ಹಿಡಿದಿಟ್ಟಿದೆ. ಕಣ್ಣಿಗೇ ಕಾಣುತ್ತಲ್ಲ."

"ನನ್ನ ಕಣ್ಣು ಬೇಡ, ಅಳತೆ ಬೇಕು. ಈ ಜಾಡಿ ನೋಡಿ. ನೀವು ಗೊಬ್ಬರ ಹಾಕೋ ಮೊದಲಿನ ತಿಂಗಳುಗಳಲ್ಲೂ ಇದರಲ್ಲಿ ಧೂಳಿಲ್ಲ, ಈಗಲೂ ಇಲ್ಲ. ಯಾವಾಗಲೂ ಥಳಥಳ. ಮೊದಲೂ ಇಲ್ಲದ್ದನ್ನ ನೀವು ತಡೆದಿದ್ದೀರಿ ಅಂತ ನಾನು ಹೇಗೆ ಬರೀಲಿ?"

ಗೊಬ್ಬರ ಹಾಕುವ ಮೊದಲು ಈ ಗೇಟಿನ ಹತ್ತಿರ ಧೂಳಿಲ್ಲವೇ? ಆಗ ಇಲ್ಲಿ ಕಣ್ಣು ಬಿಟ್ಟು ನಡೆಯಲು ಆಗುತ್ತಿರಲಿಲ್ಲ! ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ ಅಕ್ಕ ತಲೆ ಎತ್ತಿದಳು.

"ಅದಾ?" ಎಂದಳು. "ಅದನ್ನ ನಾನೇ ತೊಳೀತೀನಲ್ಲ."

ಅಧಿಕಾರಿ ಗೇಟಿನೊಳಕ್ಕೆ ಎರಡು ಹೆಜ್ಜೆ ಬಂದರು.

"ಏನಂದಿರಿ?" ಎಂದರು ಅಧಿಕಾರಿ.

"ದಿನಾ ಬೆಳಿಗ್ಗೆ ತೊಳೀತೀನಿ. ಗೇಟಿನ ಮುಂದೆ ಅಷ್ಟು ಕೊಳಕು ಜಾಡಿ ನಿಂತಿದ್ರೆ ಲಾಂಡ್ರಿ ಅಂತ ಯಾರು ಬರ್ತಾರೆ? ನೀವು ಇಟ್ಟು ಹೋಗ್ತೀರಿ, ಒಂದು ದಿನ ತೊಳೆಯಲ್ಲ. ಒಂದೇ ದಿನಕ್ಕೆ ಬೂದಿ ಬಣ್ಣದ ಪದರ ಕಟ್ಟಿರ್ತಿತ್ತು. ನಾನು ಸೋಪು ಹಾಕಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಇಡ್ತಿದ್ದೆ."

ನಾನು ತಲೆಯ ಮೇಲೆ ಕೈಹೊತ್ತೆ. ಊರಿನ ಮನವಿ, ವಾಸನೆ, ಟೊಮೇಟೊ, ಸಾಹೇಬರ ನೋಡೋಣ, ಎಲ್ಲವನ್ನೂ ದಾಟಿ ಬಂದು, ಕಟ್ಟಕಡೆಗೆ ಸೋಪಿಗೆ ಸಿಕ್ಕಿ ಮುಳುಗಿದೆನೇ?

"ಅಕ್ಕಾ!" ಎಂದೆ. ಮಾತು ಬಿಟ್ಟಿದ್ದೆವು ಎಂಬುದೂ ಮರೆತುಹೋಗಿತ್ತು. "ಧೂಳು ಬೀಳಲಿ ಅಂತಲೇ ಇಟ್ಟಿದ್ದು ಅದು! ಎಷ್ಟು ಬೀಳುತ್ತೆ ಅಂತ ಅಳೆಯೋಕೆ! ನಿನ್ನ ಅಂಗಡಿ, ನಿನ್ನ ಬಾಯ್ಲರು, ಈ ಮನೆ, ಎಲ್ಲ ಉಳಿಯೋಕೆ ಇದ್ದದ್ದು ಅದೊಂದೇ ದಾರಿ ಕಣೇ! ನಾನು ಯಾರಿಗೋಸ್ಕರ ಇಷ್ಟು ದಿನ ಹೊಲಸು ಹೊತ್ತೆ ಅಂದುಕೊಂಡೆ?"

"ನನಗೆ ಯಾರು ಹೇಳಿದ್ರು?" ಎಂದು ಅವಳೂ ಕೂಗಿದಳು. "ಜಾಡಿ ಇಟ್ಟೋರು ಹೇಳಿದ್ರಾ? ನೀನು ಹೇಳಿದೆಯಾ? ನೀನು ನನ್ನ ಜೊತೆ ಮಾತಾಡೋದೆಲ್ಲ ಗೊಬ್ಬರದ್ದೇ! ಆ ಧೂಳು ಎಷ್ಟು ಬೀಳುತ್ತೆ ಅಂತ ನನ್ನ ಕೇಳಿದ್ರೆ ಸಾಕಿತ್ತು. ದಿನಾ ತೊಳೆದಿರೋಳು ನಾನು. ಈಗ ಉಜ್ಜೋದೇ ಬೇಡ, ಬರೀ ಒರೆಸಿದ್ರೆ ಸಾಕು, ಅಷ್ಟು ಕಮ್ಮಿಯಾಗಿದೆ."

"ಆ ಮಾತು ಬರೆಯೋಕೆ ಬರಲ್ಲಮ್ಮ," ಎಂದರು ಅಧಿಕಾರಿ, ಸ್ವಲ್ಪ ಮೃದುವಾಗಿ. "ಮೊದಲು ಹೀಗಿತ್ತು, ಈಗ ಹೀಗಿದೆ ಅಂತ ತೋರಿಸಬೇಕು."

ಅಕ್ಕ ಒಂದು ಕ್ಷಣ ಗುಡ್ಡವನ್ನು ನೋಡಿದಳು. ಆಮೇಲೆ ಟಬ್ಬಿನಿಂದ ಈಗಷ್ಟೇ ಹಿಂಡಿದ ಒಂದು ದೊಡ್ಡ ಬಿಳಿ ಶೀಟು ಎತ್ತಿಕೊಂಡಳು. ಆಸ್ಪತ್ರೆಯದು, ಅದೇ ಸಂಜೆ ತಲುಪಿಸಬೇಕಾದದ್ದು. ಬಿಡಿಸಿ, ಒಮ್ಮೆ ಪಟ್ ಎಂದು ಕೊಡವಿ, ಅಂಗಳದ ಹಗ್ಗದ ಮೇಲೆ ಹಾಕಿ, ಎರಡೂ ತುದಿಗೆ ಕ್ಲಿಪ್ಪು ಸಿಕ್ಕಿಸಿದಳು. ಅಮ್ಮನ ಹಗ್ಗ. ಅವಳು ಆ ಹಗ್ಗಕ್ಕೆ ಬಟ್ಟೆ ಹಾಕಿದ್ದನ್ನು ನಾನು ದೊಡ್ಡವಳಾದ ಮೇಲೆ ನೋಡಿಯೇ ಇರಲಿಲ್ಲ.

"ಅಕ್ಕ, ಸಂಜೆ ಕೊಡಬೇಕಾದ್ದು ಅಲ್ವಾ ಅದು? ಹಾಳಾದ್ರೆ?"

"ಹಾಳಾದ್ರೆ ನಿನ್ನ ಗೊಬ್ಬರ ಸುಳ್ಳು ಅಂತ ಆಯ್ತು. ಮತ್ತೆ ಒಗೀತೀನಿ, ಊರಾಚೆ ಮನೆಗೆ ಗಂಟು ಕಟ್ತೀನಿ. ಕೂತ್ಕೊಳ್ಳಿ ಮೇಡಂ, ಒಣಗಲಿ."

ಶೀಟು ಒಣಗುವವರೆಗೆ ನಾವೆಲ್ಲ ಕಾದೆವು. ಸರಕಾರದ ಕೆಲಸ ಬಿಟ್ಟು ಬೆಡ್‌ಶೀಟು ಕಾಯುವುದು ಎಂದರೇನು ಎಂದು ಸಾಹೇಬರು ಗೊಣಗಿದರು. ಅಕ್ಕ ಅವರಿಗೆ ಒಂದು ಸ್ಟೂಲು ಕೊಟ್ಟಳು, ಕೊಡುವ ಮೊದಲು ಒರೆಸಿದಳು. ಟೈಲರಮ್ಮ ತನ್ನ ಬಾಗಿಲಿಗೆ ಬಂದು ನಿಂತಳು, ಬೀದಿಯ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಗಾಳಿ ಶೀಟನ್ನು ತುಂಬಿ ಎತ್ತುತ್ತಿತ್ತು, ಬಿಡುತ್ತಿತ್ತು. ಹಿಂದಿನ ಗಾಳಿಗಾಲದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಮ್ಮ ಬಾಯಲ್ಲೆಲ್ಲ ಕಲ್ಲಿನ ಪುಡಿ ಕರಕರ ಎನ್ನುತ್ತಿತ್ತು. ನಾನು ನಾಲಿಗೆಯಿಂದ ಹಲ್ಲು ಸವರಿ ನೋಡಿಕೊಂಡೆ. ಕರಕರ ಇರಲಿಲ್ಲ. ಆದರೂ ಇನ್ನೊಮ್ಮೆ ಸವರಿಕೊಂಡೆ.

ಒಣಗಿತು. ಅಕ್ಕ ಕ್ಲಿಪ್ಪು ತೆಗೆದು ಶೀಟನ್ನು ಎರಡು ಕೈಯಲ್ಲಿ ಹಿಡಿದು ಎಲ್ಲರ ಮುಂದೆ ಅಗಲಿಸಿದಳು. ಮರುಕ್ಷಣವೇ "ಅಯ್ಯೋ" ಎಂದು ನಾಲಿಗೆ ಕಚ್ಚಿಕೊಂಡಳು. ಶೀಟಿನ ನಟ್ಟನಡುವೆ ಈ ತುದಿಯಿಂದ ಆ ತುದಿಗೆ ಒಂದು ಕಪ್ಪು ಗೆರೆ, ಕಾಡಿಗೆಯಲ್ಲಿ ಎಳೆದ ಹಾಗೆ.

"ಹಗ್ಗ ಒರೆಸೋದು ಮರೆತೆ!" ಅವಳ ದನಿ ಅಳುವಂತಿತ್ತು. "ಬಟ್ಟೆ ಹಾಕೋ ಮೊದಲು ಹಗ್ಗ ಒರೆಸಬೇಕು, ಅದು ಮೊದಲ ಪಾಠ. ಅಮ್ಮ ಹೇಳಿಕೊಟ್ಟಿದ್ದು. ಹೊರಗೆ ಹಾಕಿ ಎಷ್ಟು ಕಾಲವಾಯ್ತೋ, ಮರೆತೇ ಹೋಯ್ತು. ಥೂ, ಹಾಳಾಗಿ ಹೋಯ್ತು ಇದು."

ಅಧಿಕಾರಿ ಎದ್ದು ಬಂದರು. ಗೆರೆಯ ಮೇಲೆ ಬೆರಳೆಳೆದು ನೋಡಿದರು, ಬೆರಳು ಕಪ್ಪಾಯಿತು. ಇನ್ನೊಂದು ಕೈಯ ಬೆರಳನ್ನು ಶೀಟಿನ ಉಳಿದ ಭಾಗದ ಮೇಲೆಲ್ಲ ಎಳೆದರು. ಬೆರಳು ಹಾಗೇ ಇತ್ತು. ಎರಡೂ ಬೆರಳುಗಳನ್ನು ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ಹಗ್ಗದ ನಾರಿನೊಳಗೆ ಕೂತಿರೋದು ಹಳೇ ಧೂಳು," ಎಂದರು. "ಇವತ್ತಿನ ಗಾಳಿ ತಂದದ್ದು ಇಷ್ಟೇ." ಏನೂ ಅಂಟದ ಬೆರಳನ್ನು ತೋರಿಸಿದರು. "ಈ ಶೀಟು ನಾನು ತಗೊಂಡು ಹೋಗ್ತೀನಿ."

"ಅದು ಆಸ್ಪತ್ರೆದು, ಕೊಡಲ್ಲ," ಎಂದಳು ಅಕ್ಕ.

"ಅಕ್ಕಾ!!"

ಕೊನೆಗೆ ಆಕೆ ಶೀಟಿನ ಫೋಟೊ ಹೊಡೆದುಕೊಂಡರು. ಹಗ್ಗದ ತುದಿಯನ್ನೂ ಒಂದು ಮೊಳದಷ್ಟು ಕತ್ತರಿಸಿ ಚೀಲಕ್ಕೆ ಹಾಕಿಕೊಂಡರು. ಶೀಟೊಂದನ್ನೇ ನಂಬಿ ಗೆದ್ದಿರಿ ಎಂದು ಬರೆಯಲು ಬರುವುದಿಲ್ಲ, ಆದರೆ ಇನ್ನೊಂದು ವರ್ಷ ಕಾಲಾವಕಾಶ ಕೊಡಲು ಇಷ್ಟು ಸಾಕು, ಅಲ್ಲಿಯವರೆಗೆ ಬೀದಿಯನ್ನು ಯಾರೂ ಮುಟ್ಟುವುದಿಲ್ಲ ಎಂದರು. ಸಾಹೇಬರು ನಾನು ಮೊದಲೇ ಹೇಳಿದ್ದೆನಲ್ಲ ಎಂಬಂತೆ ತಲೆಯಾಡಿಸಿದರು. ಅಧಿಕಾರಿ ಕಂಬದ ಮೇಲೆ ಹೊಸ ಜಾಡಿ ಕೂರಿಸಿ ಅಕ್ಕನ ಕಡೆ ತಿರುಗಿದರು.

"ಅಮ್ಮಾ, ಕೈ ಮುಗಿದು ಕೇಳ್ಕೊತೀನಿ. ಇದನ್ನ ಮುಟ್ಟಬೇಡಿ."

"ಎಷ್ಟು ಕೊಳಕಾದ್ರೂ?"

"ಎಷ್ಟು ಕೊಳಕಾದ್ರೂ."

ಅಕ್ಕ ಕಹಿ ಔಷಧಿ ಕುಡಿದವಳಂತೆ ಮುಖ ಮಾಡಿ ಒಪ್ಪಿಕೊಂಡಳು. ಅವರೆಲ್ಲ ಹೋದ ಮೇಲೆ ಶೀಟನ್ನು ಮತ್ತೆ ಟಬ್ಬಿಗೆ ಹಾಕಿ, ನನ್ನನ್ನು ಹುಡುಕಿಕೊಂಡು ಬಂದು, ಯಾರಿಗೋಸ್ಕರ ಹೊಲಸು ಹೊತ್ತೆ ಎಂದು ಬೀದಿಯವರ ಮುಂದೆ ಕೂಗಿದೆಯಲ್ಲ, ಮಾನ ಮರ್ಯಾದೆ ಇದೆಯಾ ನಿನಗೆ ಎಂದು ಬೈದಳು. ಬೈಯುತ್ತಲೇ ನನ್ನ ಕೆನ್ನೆಯನ್ನು ಒದ್ದೆ ಕೈಯಿಂದ ಒಮ್ಮೆ ಒರೆಸಿದಳು. ನನಗೆ ಅಷ್ಟು ಸಾಕಾಗಿತ್ತು.

ಆಮೇಲಿನ ದಿನಗಳಲ್ಲಿ ಅವಳ ಪಾಡು ಹೇಳತೀರದು. ಬೆಳಿಗ್ಗೆ ಎದ್ದವಳೇ ಜಾಡಿಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಕೈಯಲ್ಲಿ ಒರೆಸುವ ಬಟ್ಟೆ ಇರುತ್ತಿತ್ತು. ಗೇಟು ಒರೆಸುತ್ತಿದ್ದಳು, ಕಂಬ ಒರೆಸುತ್ತಿದ್ದಳು, ಜಾಡಿಯ ಬಳಿ ಬಂದಾಗ ಹಲ್ಲು ಕಚ್ಚಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ, ತಿಂಗಳು ಮುಗಿಯುತ್ತಾ ಬಂದಿದ್ದಾಗ, ನಾನು ಕೆಲಸಕ್ಕೆ ಹೊರಟು ಬರುವಾಗ ಅವಳು ಕಂಬಕ್ಕೆ ಕುರ್ಚಿ ಹಾಕಿಕೊಂಡು ಜಾಡಿಯೊಳಗೆ ಇಣುಕುತ್ತಿದ್ದಳು. ಓಡಿಹೋಗಿ ಕುರ್ಚಿ ಹಿಡಿದುಕೊಂಡೆ.

"ತೊಳೆದೆಯಾ? ನಿಜ ಹೇಳು ಅಕ್ಕ, ತೊಳೆದುಬಿಟ್ಟೆಯಾ?"

"ನಿನ್ನಾಣೆ ಮುಟ್ಟಿಲ್ಲ ಕಣೇ," ಎಂದಳು, ಕುರ್ಚಿಯ ಮೇಲಿಂದ ಇಳಿಯದೆ. "ಬಂದು ನೋಡು."

ಅವಳ ಪಕ್ಕಕ್ಕೇ ಹತ್ತಿ ನೋಡಿದೆ. ತಳದಲ್ಲಿ ಉಗುರಿನಿಂದ ಗೀರಿದರೂ ಬಾರದಷ್ಟು ತೆಳುವಾದ ಒಂದು ಮಸುಕು, ಅಷ್ಟೆ. ಜಾಡಿಯ ಗಾಜಿನ ಮೂಲಕ ಅವಳ ಅಂಗಳ ಕಾಣುತ್ತಿತ್ತು. ಅಕ್ಕ ಒರೆಸುವ ಬಟ್ಟೆಯನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡಿದ್ದಳು, ಅವಳ ಕಣ್ಣು ತುಂಬಿತ್ತು. ತಾನು ಉಜ್ಜದೆ ಏನಾದರೂ ಸ್ವಚ್ಛವಾಗಿ ಉಳಿಯಬಹುದು ಎಂದು ಈ ಬೀದಿಯಲ್ಲಿ ಅವಳು ಇದೇ ಮೊದಲ ಸಲ ನೋಡುತ್ತಿದ್ದಳು.

"ತಾನಾಗೇ ಹೀಗಿದೆ," ಎಂದಳು. ಆಮೇಲೆ ಮೂಗೊರೆಸಿಕೊಂಡು, "ಏನು ನಿಂತು ನೋಡ್ತಿದೀಯ? ಆ ಹಗ್ಗದ ತುದಿ ಹಿಡಿ, ಒರೆಸಬೇಕು. ನಿನ್ನ ಕೋಟೂ ಒಗೆದಿದೀನಿ, ಹೊರಗೇ ಹಾಕೋಣ," ಎಂದಳು.